ಕೈಗುಣಕ್ಕೆ ಅಳತೆಗೋಲು: ಹೋಸೆ ಮೊಲಿನಾ ಹಿಡಿದ ಚೆಂಡುಗಳು

ಒಬ್ಬ ಡಾಕ್ಟರು ಕೊಟ್ಟ ಮಾತ್ರೆಗೆ ಇಳಿಯದ ಜ್ವರ ಇನ್ನೊಬ್ಬರು ಕೊಟ್ಟ ಅದೇ ಮಾತ್ರೆಗೆ ಇಳಿದರೆ ನಮ್ಮ ಬಾಯಿಗೆ ತಟ್ಟನೆ ಬರುವ ಮಾತು ‘ಕೈಗುಣ’. ಉಪ್ಪಿನಕಾಯಿ ಹಾಕುವವರಿಗೂ ಕೈಗುಣ, ಬೀಜ ಬಿತ್ತುವವರಿಗೂ ಕೈಗುಣ. ಈ ಮಾತು ಬಂದೊಡನೆ ವಿಚಾರಣೆ ಮುಗಿದುಹೋಗುತ್ತದೆ ಎಂಬುದೇ ನನ್ನ ತಕರಾರು. ಆ ಕೈ ನಿಜಕ್ಕೂ ಏನು ಮಾಡಿತು, ಎಷ್ಟು ಮಾಡಿತು ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಅಮೆರಿಕದ ಬೇಸ್‌ಬಾಲ್‌ನವರೂ ಕ್ಯಾಚರ್‌ಗಳ ಬಗ್ಗೆ, ಅಂದರೆ ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವವರ ಬಗ್ಗೆ, ದಶಕಗಟ್ಟಲೆ ಹೀಗೇ ಮಾತಾಡಿದರು. ಇವನ ಕೈ ಮೃದು, ಅವನು ಹಿಂದೆ ಕೂತಿದ್ದರೆ ಚೆಂಡೆಸೆಯುವ ಪಿಚರ್‌ಗೆ ಧೈರ್ಯ ಎನ್ನುತ್ತಿದ್ದರು. ಎಷ್ಟು ಮೃದು, ಅದರಿಂದ ಎಷ್ಟು ರನ್ ಉಳಿಯಿತು ಎಂದರೆ ಉತ್ತರವಿರಲಿಲ್ಲ. ಕೊನೆಗೆ ಕ್ಯಾಮೆರಾಗಳು ಬಂದು ಲೆಕ್ಕ ಸಿಕ್ಕಾಗ ಪಟ್ಟಿಯ ತುದಿಯಲ್ಲಿದ್ದ ಹೆಸರು ಹೋಸೆ ಮೊಲಿನಾ ಅವರದು. ಓಟದಲ್ಲಿ ನಿಧಾನ, ಬ್ಯಾಟಿಂಗ್‌ನಲ್ಲಿ ದುರ್ಬಲ, ಬಹುತೇಕ ಎಲ್ಲ ವರ್ಷವೂ ತಂಡದ ಎರಡನೇ ಕ್ಯಾಚರ್.

ಮೊಲಿನಾ ಹುಟ್ಟಿದ್ದು 1975ರಲ್ಲಿ, ಪೋರ್ಟೊರಿಕೊದ ಬಯಮೋನ್‌ನಲ್ಲಿ. ಅಣ್ಣ ಬೆಂಜಿ, ತಮ್ಮ ಯಾಡಿಯರ್ ಇಬ್ಬರೂ ಕ್ಯಾಚರ್‌ಗಳೇ, ಇಬ್ಬರೂ ಇವರಿಗಿಂತ ಹೆಚ್ಚು ಹೆಸರು ಮಾಡಿದವರು. ಶಿಕಾಗೊ ಕಬ್ಸ್ ತಂಡ 1993ರಲ್ಲಿ ಆರಿಸಿಕೊಂಡಿತು. ಆದರೆ ಅಲ್ಲಿನ ಅತ್ಯುನ್ನತ ಮಟ್ಟವಾದ ಮೇಜರ್ ಲೀಗ್‌ನಲ್ಲಿ ಮೊದಲ ಪಂದ್ಯ ಸಿಕ್ಕಿದ್ದು 1999ರಲ್ಲಿ. ಆಮೇಲೆ ಏಂಜಲ್ಸ್, ಯಾಂಕೀಸ್, ಟೊರಾಂಟೊ, ಕಡೆಗೆ ಟ್ಯಾಂಪಾ ಬೇ. ಹೀಗೆ ಐದು ತಂಡ, 15 ಋತು. ಬ್ಯಾಟಿಂಗ್ ಸರಾಸರಿ .233, ಅಂದರೆ ನೂರು ಸಲ ಬ್ಯಾಟ್ ಹಿಡಿದರೆ 23 ಹಿಟ್. ಹೋಮ್ ರನ್, ಅಂದರೆ ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ, ಒಟ್ಟು 39. ಅವುಗಳಲ್ಲಿ ಒಂದನ್ನು 2008ರ ಸೆಪ್ಟೆಂಬರ್ 21ರಂದು ಹೊಡೆದರು. ಹಳೆಯ ಯಾಂಕೀ ಸ್ಟೇಡಿಯಂ ಕಂಡ ಕೊನೆಯ ಹೋಮ್ ರನ್ ಅದು. 1923ರಲ್ಲಿ ಅಲ್ಲಿ ಮೊದಲನೆಯದನ್ನು ಹೊಡೆದಿದ್ದವರು ಬೇಸ್‌ಬಾಲ್‌ನ ದಂತಕಥೆ ಬೇಬ್ ರೂತ್!

ಇಂಥ ಬ್ಯಾಟಿಂಗ್ ಇಟ್ಟುಕೊಂಡು 15 ವರ್ಷ ಕೆಲಸ ಸಿಗುವುದು ಹೇಗೆ? ಒಂದು ಕಾರಣ ಸರಳ. ಆರು ತಿಂಗಳಲ್ಲಿ 162 ಪಂದ್ಯ, ಪಂದ್ಯಕ್ಕೆ ಸುಮಾರು 145 ಎಸೆತ, ಪ್ರತಿ ಎಸೆತಕ್ಕೂ ಕುಕ್ಕರಗಾಲಿನಲ್ಲಿ ಕೂರಬೇಕು. ಮೊದಲ ಕ್ಯಾಚರ್‌ನ ಮಂಡಿ 120 ಪಂದ್ಯಕ್ಕೆ ಸಾಕೆನ್ನುತ್ತದೆ. ರಾತ್ರಿ ಪಂದ್ಯ ಆಡಿ ಮರುದಿನ ಮಧ್ಯಾಹ್ನವೇ ಇನ್ನೊಂದಿದ್ದರೆ ಎರಡನೆಯವನು ಬೇಕೇ ಬೇಕು. 30 ತಂಡಗಳಿಗೂ ಅಂಥವನೊಬ್ಬ ಬೇಕು, ಸಮರ್ಥರು ಅಷ್ಟು ಮಂದಿ ಸಿಗುವುದಿಲ್ಲ. ಹಾಗಾಗಿ ಎರಡನೇ ಕ್ಯಾಚರ್ ಊರೂರು ಅಲೆಯುತ್ತಾನೆ, ಬೇಗ ನಿವೃತ್ತನಾಗುವುದಿಲ್ಲ.

ಇನ್ನೊಂದು ಕಾರಣ ಮೊಲಿನಾರ ಎಡಗೈಯಲ್ಲಿತ್ತು. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಎಸೆತ ಹೊರಡುವ ಜಾಗದ ಹಲಗೆಯಿಂದ ಬ್ಯಾಟರ್ ಪಕ್ಕದ ನೆಲದಲ್ಲಿರುವ ಹೋಮ್ ಪ್ಲೇಟ್ ಎಂಬ ಹಲಗೆಗೆ 18.44 ಮೀಟರ್. ಪ್ಲೇಟಿನ ಅಗಲ 43 ಸೆಂ.ಮೀ. ಅದರ ಮೇಲೆ, ಬ್ಯಾಟರ್‌ನ ಮಂಡಿಯಿಂದ ಎದೆಯ ಕೆಳಗಿನವರೆಗೆ ಒಂದು ಕಾಣದ ಕಿಟಕಿ. ಬ್ಯಾಟರ್ ಬೀಸದೆ ಬಿಟ್ಟ ಚೆಂಡು ಕಿಟಕಿಯೊಳಗೆ ಹಾದರೆ ಸ್ಟ್ರೈಕ್, ಅದು ಪಿಚರ್ ತಂಡಕ್ಕೆ ಲಾಭ; ಹೊರಗೆ ಹೋದರೆ ಬಾಲ್, ಅದು ಬ್ಯಾಟರ್‌ಗೆ ಲಾಭ. ತೀರ್ಪು ಕ್ಯಾಚರ್‌ನ ಬೆನ್ನ ಹಿಂದೆ ನಿಂತ ಅಂಪೈರ್‌ನದು. 145 ಗ್ರಾಂ ತೂಕದ ಚೆಂಡು ಗಂಟೆಗೆ 145 ಕಿ.ಮೀ. ವೇಗದಲ್ಲಿ ಹೊರಟು, ಗಾಳಿಯ ತಡೆಯಿಂದ ಸ್ವಲ್ಪ ನಿಧಾನವಾಗಿ, ಸೆಕೆಂಡಿಗೆ 37 ಮೀಟರ್ ವೇಗದಲ್ಲಿ ಮಿಟ್‌ಗೆ, ಅಂದರೆ ಕ್ಯಾಚರ್‌ನ ದಪ್ಪ ಕೈಗವಸಿಗೆ, ಬಂದು ಬಡಿಯುತ್ತದೆ. ಆಗ ಅದರಲ್ಲಿರುವ ಶಕ್ತಿ ಸುಮಾರು 100 ಜೌಲ್. ಹತ್ತು ಸೆಂ.ಮೀ. ಒಳಗೆ ನಿಲ್ಲಿಸಿದರೆ ಸರಾಸರಿ ಬಲ 1000 ನ್ಯೂಟನ್, ಅಂದರೆ ಅಂಗೈ ಮೇಲೆ ಕ್ಷಣಕಾಲ ಒಂದು ಕ್ವಿಂಟಾಲ್ ಭಾರ.

ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಎಸೆದು ಹಿಡಿಯುವವರನ್ನು ನೋಡಿದ್ದೀರಲ್ಲ. ಇಟ್ಟಿಗೆ ಬಂದ ದಿಕ್ಕಿಗೇ ಕೈಯನ್ನು ಜಾರಿಬಿಡುತ್ತಾರೆ. ಬೆಂಗಳೂರಿನ ಮೈದಾನಗಳಲ್ಲಿ ಹುಡುಗರಿಗೆ ವಿಕೆಟ್ ಕೀಪಿಂಗ್ ಕಲಿಸುವಾಗಲೂ ಇದೇ ಪಾಠ: ಚೆಂಡಿನ ಜೊತೆ ಕೈ ಹೋಗಲಿ. ಕ್ಯಾಚರ್‌ಗೆ ಈ ಪಾಠ ಅರ್ಧ ಮಾತ್ರ ಸರಿ. ಹಿಂದಕ್ಕೆ, ತನ್ನ ಎದೆಯ ಕಡೆಗೆ ಕೈ ಜಾರಿದರೆ ತೊಂದರೆಯಿಲ್ಲ, ಆ ಚಲನೆ ಹಿಂದೆ ನಿಂತ ಅಂಪೈರ್‌ಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಕೆಳಕ್ಕೆ ಅಥವಾ ಪಕ್ಕಕ್ಕೆ ಜಾರಿದರೆ ಮಾತ್ರ ಕೆಲಸ ಕೆಟ್ಟಿತು.

ಒಂದು ಒರಟು ಲೆಕ್ಕ ಮಾಡೋಣ. ತಿರುಗುತ್ತಾ ಇಳಿಯುವ ಕರ್ವ್ ಎಸೆತ ಪ್ಲೇಟಿನ ಹತ್ತಿರ ಸೆಕೆಂಡಿಗೆ 31 ಮೀಟರ್ ವೇಗದಲ್ಲಿ, ಸುಮಾರು 9 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ ಎನ್ನಿ. ಅದರ ಕೆಳಮುಖ ವೇಗ ಸೆಕೆಂಡಿಗೆ 5 ಮೀಟರ್ ಹತ್ತಿರ. ಮಿಟ್, ಅಂಗೈ, ಮುಂಗೈ ಸೇರಿ 2 ಕಿಲೋ ಎಂದುಕೊಂಡರೆ, ಚೆಂಡು ಬಡಿದೊಡನೆ ಇಡೀ ಕೈ ಸೆಕೆಂಡಿಗೆ 33 ಸೆಂ.ಮೀ. ವೇಗದಲ್ಲಿ ಕೆಳಗೆ ಹೊರಡುತ್ತದೆ. ಸ್ನಾಯು ಎಚ್ಚೆತ್ತು ತಡೆಯುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದಿದ್ದರೂ 3 ಸೆಂ.ಮೀ. ಇಳಿದಾಯಿತು. ಚೆಂಡಿನ ವ್ಯಾಸವೇ ಏಳು ಸೆಂ.ಮೀ. ಚಿಲ್ಲರೆ, ಅಂದರೆ ಹತ್ತಿರ ಹತ್ತಿರ ಅರ್ಧ ಚೆಂಡು! ಕಿಟಕಿಯ ಅಂಚು ಸವರಿ ಬಂದ ಸ್ಟ್ರೈಕ್, ಮಿಟ್ ನಿಂತ ಜಾಗ ನೋಡಿದರೆ ಬಾಲ್.

ಪರಿಹಾರ ಏನು? ಚೆಂಡು ತಲುಪುವ ಮೊದಲೇ ಕೈ ಅದೇ ಮೆಲುವೇಗದಲ್ಲಿ ಮೇಲಕ್ಕೆ ಚಲಿಸುತ್ತಿರಬೇಕು. ಮಿಟ್ ಅನ್ನು ನೆಲದ ಹತ್ತಿರ ಇಳಿಸಿ, ಹೆಬ್ಬೆರಳ ಬದಿ ಕೆಳಗಿರುವಂತೆ ತಿರುಗಿಸಿ, ಚೆಂಡಿನ ದಾರಿಯ ಕೆಳಗಿನಿಂದ ಎದ್ದು ಬರಬೇಕು. ಮೇಲೇಳುವ ಕೈ, ಕೆಳಗಿಳಿಯುವ ಚೆಂಡು ಒಂದನ್ನೊಂದು ತಟಸ್ಥಗೊಳಿಸಿ ಮಿಟ್ ಇದ್ದಲ್ಲೇ ನಿಲ್ಲುತ್ತದೆ. ಸಮತೂಕಕ್ಕೆ ಬಂದ ತಕ್ಕಡಿಯಂತೆ. ಹಗ್ಗಜಗ್ಗಾಟದಲ್ಲಿ ಎರಡೂ ಕಡೆ ಸಮಬಲ ಬಿದ್ದು ನಡುವಿನ ಗಂಟು ಅಲುಗದೆ ನಿಂತಂತೆ. ಪಕ್ಕಕ್ಕೂ ಇದೇ ನಿಯಮ: ಹೊರ ಅಂಚಿನ ಚೆಂಡನ್ನು ಹೊರಗಿನಿಂದ ಒಳಕ್ಕೆ ಬರುತ್ತಾ ಹಿಡಿಯಬೇಕು. ಮೊಣಕೈ ಬಿಗಿಯಾದರೆ ಕೆಟ್ಟಿತು, ತೋಳು ಪೂರ್ತಿ ಚಾಚಿದರೂ ಕೆಟ್ಟಿತು. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಹಿಡಿದಾದ ಮೇಲೆ ಮಿಟ್ ಅನ್ನು ಸರಕ್ಕನೆ ಒಳಗೆ ಎಳೆಯುವುದು. ಚೆಂಡು ಹೊರಗಿತ್ತೆಂದು ಸ್ವತಃ ಕ್ಯಾಚರನೇ ಸಾರಿ ಹೇಳಿದಂತೆ ಅದು. ಮೊಲಿನಾರ ಆಟದಲ್ಲಿ ಕಣ್ಣಿಗೆ ಬೀಳುತ್ತಿದ್ದದ್ದು ನಿಶ್ಚಲತೆ. ತಲೆ ಬಾಗುತ್ತಿರಲಿಲ್ಲ, ಭುಜ ಕುಸಿಯುತ್ತಿರಲಿಲ್ಲ. ಈ ಕಲೆಗೆ ಅಲ್ಲಿ ಫ್ರೇಮಿಂಗ್ ಎನ್ನುತ್ತಾರೆ.

ಇದನ್ನು ಮೋಸ ಎನ್ನುವವರಿದ್ದಾರೆ. ಅಂಪೈರ್ ಕ್ಯಾಚರ್‌ನ ತಲೆಯ ಮೇಲಿನಿಂದ ಇಣುಕುತ್ತಾನೆ, ತಗ್ಗಿನ ಚೆಂಡಿನ ಕೊನೆಯ ಹಾದಿ ಕ್ಯಾಚರ್‌ನ ಮೈಯ ಮರೆಯಲ್ಲಿ ಹೋಗುತ್ತದೆ. ಆಗ ಅವನ ಮಿದುಳಿಗೆ ಉಳಿಯುವ ಸಾಕ್ಷಿ ಮಿಟ್ ಒಂದೇ. ಕೆಟ್ಟ ಕ್ಯಾಚರ್ ಆ ಸಾಕ್ಷಿಯನ್ನು ಅಳಿಸಿಹಾಕುತ್ತಾನೆ, ಒಳ್ಳೆಯವನು ಉಳಿಸಿಕೊಡುತ್ತಾನೆ. ಕಿಟಕಿಯ ಹೊರಗಿನ ಒಂದಿಷ್ಟು ಚೆಂಡುಗಳೂ ಅದರೊಂದಿಗೆ ಸ್ಟ್ರೈಕ್ ಆಗುತ್ತವೆ, ನಿಜ.

ಇದೆಲ್ಲ ಸಾಧ್ಯವಾದದ್ದೇ ಕ್ಯಾಚರ್ ಬ್ಯಾಟರ್‌ನ ಬೆನ್ನಿಗೆ ಅಂಟಿ ಕೂರಲು ಶುರುಮಾಡಿದ ಮೇಲೆ. ಬರಿಗೈಯ ಕಾಲದಲ್ಲಿ ಹಿಂದೆ ದೂರ ನಿಂತು, ಪುಟಿದು ಬಂದ ಚೆಂಡನ್ನೂ ಹಿಡಿಯುತ್ತಿದ್ದರು. 1877ರಲ್ಲಿ ಹಾರ್ವರ್ಡ್‌ನ ಫ್ರೆಡ್ ಥೇಯರ್ ಕತ್ತಿವರಸೆಯವರ ಮುಖವಾಡವನ್ನು ಮಾರ್ಪಡಿಸಿ ತಮ್ಮ ತಂಡದ ಕ್ಯಾಚರ್‌ಗೆ ತೊಡಿಸಿದರು. 1907ರಲ್ಲಿ ರೋಜರ್ ಬ್ರೆಸ್ನಹನ್ ಕ್ರಿಕೆಟ್ ಪ್ಯಾಡ್‌ನಂಥದ್ದನ್ನು ಕಾಲಿಗೆ ಕಟ್ಟಿಕೊಂಡು ಬಂದಾಗ ಜನ ನಕ್ಕಿದ್ದರು. ಆ ರಕ್ಷಣೆಯೂ ಪೂರ್ತಿಯಲ್ಲ. ಬ್ಯಾಟಿಗೆ ಸವರಿದ ಚೆಂಡು ಮುಖವಾಡಕ್ಕೆ ಬಡಿದರೆ ಒಳಗೆ ಮಿದುಳು ಅಲ್ಲಾಡುತ್ತದೆ. ಹೆಸರಾಂತ ಕ್ಯಾಚರ್ ಮೈಕ್ ಮಥೀನಿ ಆಟ ಬಿಟ್ಟದ್ದು ಇಂಥ ಪೆಟ್ಟುಗಳಿಂದಲೇ.

ಇನ್ನು ಲೆಕ್ಕಕ್ಕೆ ಬರೋಣ. 2007ರ ಹೊತ್ತಿಗೆ ‘ಪಿಚ್ ಎಫ್ಎಕ್ಸ್’ ಕ್ಯಾಮೆರಾಗಳು ಮೈದಾನಗಳಿಗೆ ಬಂದು, ಪ್ರತಿ ಎಸೆತ ಪ್ಲೇಟ್ ದಾಟಿದ ಜಾಗವನ್ನು ಒಂದಿಂಚಿನ ಆಸುಪಾಸಿನ ನಿಖರತೆಯಲ್ಲಿ ದಾಖಲಿಸತೊಡಗಿದವು. ಒಂದು ಜಾಗದ ಎಸೆತಕ್ಕೆ ಅಂಪೈರ್‌ಗಳು ನೂರಕ್ಕೆ 40 ಸಲ ಸ್ಟ್ರೈಕ್ ಕೊಡುತ್ತಾರೆ ಎನ್ನಿ. ಈ ಕ್ಯಾಚರ್‌ಗೆ ಸ್ಟ್ರೈಕ್ ಸಿಕ್ಕರೆ ಖಾತೆಗೆ 0.6 ಜಮೆ, ಸಿಗದಿದ್ದರೆ 0.4 ಖರ್ಚು. ಪಿಚರ್ ಯಾರು, ಅಂಪೈರ್ ಯಾರು ಎಂಬುದನ್ನೂ ಸರಿದೂಗಿಸಬೇಕು. ಬಾಲ್ ಆಗಬೇಕಿದ್ದದ್ದು ಸ್ಟ್ರೈಕ್ ಆದರೆ ಉಳಿತಾಯ ಸುಮಾರು 0.13 ರನ್. ಪಂದ್ಯಕ್ಕೆ ಒಂದೂವರೆ ಹೆಚ್ಚುವರಿ ಸ್ಟ್ರೈಕ್ ಗಳಿಸುವವನು 120 ಪಂದ್ಯದಲ್ಲಿ 23 ರನ್ ಉಳಿಸುತ್ತಾನೆ. ಹತ್ತು ರನ್ ಅಂದರೆ ಹೆಚ್ಚುಕಡಿಮೆ ಒಂದು ಗೆಲುವು. 2011ರಲ್ಲಿ ಅಂಕಿಅಂಶ ವಿಶ್ಲೇಷಕ ಮೈಕ್ ಫಾಸ್ಟ್ ಐದು ವರ್ಷದ ಎಸೆತಗಳನ್ನು ಹೀಗೆ ಜಾಲಾಡಿದಾಗ ಮೊಲಿನಾರ ಖಾತೆಯಲ್ಲಿ 73 ರನ್ ಉಳಿತಾಯವಿತ್ತು, ಅದೂ ಎರಡನೇ ಕ್ಯಾಚರ್ ಆಗಿ ಆಡಿದ ಪಂದ್ಯಗಳಲ್ಲೇ. ಫಾಸ್ಟ್‌ರನ್ನು ಹೂಸ್ಟನ್ ತಂಡ ಕೆಲಸಕ್ಕೆ ಕರೆದುಕೊಂಡಿತು. ಮೊಲಿನಾರನ್ನು ಟ್ಯಾಂಪಾ ಬೇ 2012ಕ್ಕೆ ಸುಮಾರು 15 ಲಕ್ಷ ಡಾಲರಿಗೆ ಕೊಂಡಿತು. ಆ ಪೇಟೆಯಲ್ಲಿ ಅದು ಅಗ್ಗ. 37ನೇ ವಯಸ್ಸಿನಲ್ಲಿ ಅವರು ನೂರಕ್ಕೂ ಹೆಚ್ಚು ಪಂದ್ಯ ಆಡಿದರು.

ಲಾಭದ ಪಕ್ಕದಲ್ಲಿ ನಷ್ಟವೂ ಇದೆ. ನಿಶ್ಚಲವಾಗಿ ಕೂತವನಿಗೆ ನೆಲಕ್ಕೆ ಪುಟಿದ ಚೆಂಡಿಗೆ ಮೈ ಅಡ್ಡ ಹಾಕುವುದು ತಡವಾಗುತ್ತದೆ. ಒಂದು ಚೆಂಡು ಕೈತಪ್ಪಿ ಓಟಗಾರ ಮುಂದಿನ ಬೇಸ್‌ಗೆ ಹೋದರೆ ಕಾಲು ರನ್ ನಷ್ಟ, ಅಂದರೆ ಎರಡು ಸ್ಟ್ರೈಕ್‌ನ ಬೆಲೆ. ಮೊಲಿನಾ ಕೊನೆಯ ಋತು ಮುಗಿಸಿದ್ದು 2014ರಲ್ಲಿ, ಸರಾಸರಿ .178ರೊಂದಿಗೆ. ಅಷ್ಟು ಬಡ ಬ್ಯಾಟಿಂಗ್ ಅನ್ನು ಯಾವ ಫ್ರೇಮಿಂಗೂ ಸರಿದೂಗಿಸಲಾರದು.

ಅಳತೆಗೋಲು ಎಲ್ಲ ಕೈಗುಣವನ್ನೂ ಎತ್ತಿಹಿಡಿಯಲಿಲ್ಲ ಎಂಬುದನ್ನೂ ಹೇಳಬೇಕು. ಯಾವ ಎಸೆತ ಹಾಕಬೇಕೆಂದು ಸನ್ನೆ ಮಾಡುವ ಚಾತುರ್ಯವನ್ನು ಕ್ಯಾಚರ್‌ಗಳಲ್ಲಿ ಬಹಳ ಹೊಗಳುತ್ತಿದ್ದರು. ಇನ್ನೊಬ್ಬ ವಿಶ್ಲೇಷಕ ಕೀತ್ ವೂಲ್ನರ್ ಹಳೆಯ ಪಂದ್ಯಗಳ ಅಂಕಿ ಅಂಶ ಹಾಕಿ ಹುಡುಕಿದಾಗ ಅದರ ಕುರುಹು ಸಿಗಲಿಲ್ಲ. ಒಂದು ವರ್ಷ ಚತುರನಂತೆ ಕಂಡವನು ಮರುವರ್ಷ ಹಾಗೆ ಕಾಣಲಿಲ್ಲ. ಫ್ರೇಮಿಂಗ್ ಹಾಗಲ್ಲ, ವರ್ಷ ವರ್ಷವೂ ಅದೇ ಕೈಗಳಲ್ಲಿ ಕಾಣಿಸಿಕೊಂಡಿತು.

2026ರ ಋತುವಿನಿಂದ ಮೇಜರ್ ಲೀಗ್‌ನಲ್ಲಿ ಅಂಪೈರ್ ತೀರ್ಪನ್ನು ಪ್ರಶ್ನಿಸುವ ವ್ಯವಸ್ಥೆ ಬಂದಿದೆ. ಕಿಟಕಿಯ ಕೆಳ ಅಂಚು ಬ್ಯಾಟರ್‌ನ ಎತ್ತರದ ಶೇ. 27, ಮೇಲಂಚು ಶೇ. 53.5, ಯಂತ್ರ ಅಳೆದು ಹೇಳುತ್ತದೆ. ತಂಡಕ್ಕೆ ಎರಡು ಸವಾಲು, ಗೆದ್ದರೆ ಅದು ಉಳಿಯುತ್ತದೆ, ಸೋತರೆ ಹೋಯಿತು. ಕೇಳುವ ಹಕ್ಕಿರುವುದು ಬ್ಯಾಟರ್, ಪಿಚರ್, ಕ್ಯಾಚರ್ ಮೂವರಿಗೆ ಮಾತ್ರ, ಅದೂ ಕೂಡಲೇ, ಹೊರಗೆ ಬೆಂಚಿನಲ್ಲಿ ಕೂತವರ ನೆರವಿಲ್ಲದೆ, ತಲೆಯ ಮೇಲೆ ತಟ್ಟಿ. ಚೆಂಡು ಅಂಚಿನಿಂದ ಒಂದು ಬೆರಳು ಒಳಗಿತ್ತೇ ಹೊರಗಿತ್ತೇ ಎಂದು, ಮಿಟ್ ಅಲುಗಿಸದೆ ಹಿಡಿದ ಕ್ಯಾಚರ್ ಈಗ ತಾನೂ ಆ ಕ್ಷಣದಲ್ಲೇ ನಿರ್ಧರಿಸಬೇಕು.