ಜಾಲರಿ ಬರೆದು ಗುಣಿಸುವ ಲೆಕ್ಕ

ಗುಣಿಸುವುದಕ್ಕೆ ಇಟಲಿಯ ಭಾಷೆಯಲ್ಲಿ ‘ಮೊಲ್ತಿಪ್ಲಿಕಾರೆ’ ಎನ್ನುತ್ತಾರೆ. ಈ ಒಂದೇ ಕೆಲಸಕ್ಕೆ ಹಿಂದೆ ಅಲ್ಲಿ ಎಷ್ಟೊಂದು ದಾರಿಗಳಿದ್ದವು! ಲೂಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಗಣಿತದ ಪುಸ್ತಕದಲ್ಲಿ ಎಂಟು ಬಗೆ ವಿವರಿಸಿದ್ದಾನೆ. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ‘ಜೆಲೊಸಿಯಾ’. ಕಿಟಕಿಗೆ ಹಾಕುವ ಜಾಲರಿಗೂ ಅಲ್ಲಿ ಅದೇ ಹೆಸರು.

47ನ್ನು 36ರಿಂದ ಗುಣಿಸೋಣ. ನಾಲ್ಕು ಮನೆಯ ಚೌಕ ಬರೆಯಿರಿ. ಮೇಲೆ 4, 7. ಬಲಗಡೆ ಮೇಲಿಂದ ಕೆಳಕ್ಕೆ 3, 6. ಪ್ರತಿ ಮನೆಯಲ್ಲೂ ಬಲಗಡೆಯ ಮೇಲಿನ ಮೂಲೆಯಿಂದ ಎಡಗಡೆಯ ಕೆಳಮೂಲೆಗೆ ಓರೆಗೆರೆ ಎಳೆಯಿರಿ. ಮಗ್ಗಿ ಹೇಳಿಕೊಂಡು ಮನೆ ತುಂಬಿಸಿ: ಮೇಲಿನ ಸಾಲಿಗೆ 12, 21, ಕೆಳಗಿನದಕ್ಕೆ 24, 42. ಹತ್ತರ ಅಂಕಿ ಗೆರೆಯ ಮೇಲೆ, ಬಿಡಿ ಅಂಕಿ ಕೆಳಗೆ. ಈಗ ಬಲಗಡೆಯ ಕೆಳಮೂಲೆಯಿಂದ ಶುರುಮಾಡಿ ಓರೆಪಟ್ಟಿಗಳನ್ನು ಕೂಡುತ್ತಾ ಬನ್ನಿ. ಮೊದಲ ಪಟ್ಟಿಯಲ್ಲಿ ಬರೀ 2. ಮುಂದಿನದರಲ್ಲಿ 1, 4, 4 ಸೇರಿ 9. ಆಮೇಲೆ ಮೂರು 2 ಸೇರಿ 6. ಕೊನೆಗೆ 1. ಉತ್ತರ 1692.

ಹೇಗೆ ಸರಿಬಂತು? ಒಂದೊಂದು ಪಟ್ಟಿಯೂ ಒಂದೊಂದು ಸ್ಥಾನ: ಬಿಡಿ, ಹತ್ತು, ನೂರು, ಸಾವಿರ. 47ರಲ್ಲಿರುವ 4 ಅಂದರೆ 40 ಅಲ್ವಾ? ಅದನ್ನು 6ರಿಂದ ಗುಣಿಸಿದರೆ 240. ಅದರ 4 ಹತ್ತರ ಪಟ್ಟಿಗೆ, 2 ನೂರರ ಪಟ್ಟಿಗೆ ತಾನಾಗಿ ಹೋಗಿ ಕೂರುತ್ತದೆ. ಗುಣಿಸುವಾಗ ದಶಕವನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕಿಲ್ಲ. ಅದೆಲ್ಲ ಕೊನೆಯಲ್ಲಿ, ಕೂಡುವಾಗ ಮಾತ್ರ. ಎಲ್ಲಿ ತಪ್ಪಿತು ಅಂತ ಹುಡುಕಬೇಕಾದರೂ ಪ್ರತಿ ಗುಣಲಬ್ಧ ಅದರ ಮನೆಯಲ್ಲೇ ಸಿಗುತ್ತದೆ. ಮಗ್ಗಿ ಈಗಷ್ಟೇ ಕಲಿತ ಮಗುವಿಗೆ ನಮ್ಮ ಶಾಲೆಯ ಪದ್ಧತಿಗಿಂತ ಇದೇ ಸುಲಭ ಅಂತ ನನಗನಿಸುತ್ತದೆ.

ಭಾರತದ ಅಂಕಿಗಳು ಅರಬ್ಬರ ಮೂಲಕ ಇಟಲಿ ತಲುಪಿದ್ದವು. ಅರಬ್ ಗಣಿತಜ್ಞರಿಗೂ ಈ ಜಾಲರಿ ಗೊತ್ತಿತ್ತು. 1478ರಲ್ಲಿ ವೆನಿಸ್ ಹತ್ತಿರದ ಟ್ರೆವಿಸೊದಲ್ಲಿ, ವ್ಯಾಪಾರಕ್ಕೆ ಇಳಿಯುವ ಹುಡುಗರಿಗಾಗಿ ಅಂಕಗಣಿತದ ಪುಸ್ತಕವೊಂದು ಅಚ್ಚಾಯಿತು. ಲ್ಯಾಟಿನ್ನಿನಲ್ಲಲ್ಲ, ಆ ಕಡೆಯ ಆಡುಮಾತಿನಲ್ಲಿ. ಬರೆದವರ ಹೆಸರು ಅದರಲ್ಲಿಲ್ಲ. 314ನ್ನು 934ರಿಂದ ಗುಣಿಸಿ 293276 ಪಡೆಯುವ ಲೆಕ್ಕ ಅದರಲ್ಲಿ ಜಾಲರಿಯಲ್ಲೂ ಇದೆ.

ಅಚ್ಚಿನ ಮೊಳೆ ಜೋಡಿಸುವವರಿಗೆ ಇಷ್ಟೊಂದು ಓರೆಗೆರೆ ಕೂರಿಸುವುದು ಕಷ್ಟದ ಕೆಲಸ. ಸಾಲಾಗಿ ಅಂಕಿ ಬರೆಯುವ ಪದ್ಧತಿ ಮುಂದೆ ಉಳಿದುಕೊಂಡಿತು. ಆದರೂ ಜಾಲರಿ ಸಾಯಲಿಲ್ಲ. ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1617ರಲ್ಲಿ ಅದರ ಒಂದೊಂದು ಕಂಬಸಾಲನ್ನೂ ಒಂದೊಂದು ಕಡ್ಡಿಯ ಮೇಲೆ ಬರೆದಿಡುವ ಉಪಾಯ ಪ್ರಕಟಿಸಿದ. ಬೇಕಾದ ಕಡ್ಡಿಗಳನ್ನು ಪಕ್ಕಪಕ್ಕ ಇಟ್ಟರಾಯಿತು, ಮಗ್ಗಿ ಬಾರದವರೂ ಓರೆಯಾಗಿ ಕೂಡಿ ಉತ್ತರ ತೆಗೆಯಬಹುದಿತ್ತು.