‘ಲೋಕಾಯುಕ್ತಕ್ಕೆ ಕೊಡ್ತೀನಿ’: ಒಂದು ಮಾತು ಹುಟ್ಟಿದ ಕತೆ

ತಾಲ್ಲೂಕು ಕಚೇರಿಯಲ್ಲಿ ಖಾತೆ ಮಾಡಿಸಲು ನಾಲ್ಕನೇ ಸಲ ಬಂದ ರೈತನಿಗೆ ‘ನಾಳೆ ಬಾ’ ಅಂದರೆ ಅವನ ಬಾಯಿಂದ ಈ ಮಾತು ಬರುತ್ತದೆ: ‘ಲೋಕಾಯುಕ್ತಕ್ಕೆ ಕೊಡ್ತೀನಿ ನೋಡಿ ಸ್ವಾಮಿ.’ ಕಾನೂನಿನ ಸೆಕ್ಷನ್ ಅವನಿಗೆ ಗೊತ್ತಿರಬೇಕಾಗಿಲ್ಲ. ಆ ಮಾತಿಗೆ ಮೇಜಿನ ಆಚೆ ಕೂತವರು ತಲೆ ಎತ್ತುತ್ತಾರೆ ಅನ್ನುವುದು ಗೊತ್ತಿದ್ದರೆ ಸಾಕು. ಇಪ್ಪತ್ತೈದು ವರ್ಷದ ಹಿಂದೆ ಆ ಮಾತಿಗೆ ಇಷ್ಟು ತೂಕ ಇರಲಿಲ್ಲ. ತೂಕ ಬಂದಿದ್ದು ನಿವೃತ್ತರಾಗಿದ್ದ ಒಬ್ಬ ನ್ಯಾಯಮೂರ್ತಿಯಿಂದ. ಅವರು ಎನ್. ವೆಂಕಟಾಚಲ.

ಅವರು ಹುಟ್ಟಿದ್ದು 1930ರಲ್ಲಿ, ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಮಿಟ್ಟೂರಿನಲ್ಲಿ, ಬೇಸಾಯದ ಮನೆಯಲ್ಲಿ. ವಕೀಲರಾದರು, ಹೈಕೋರ್ಟ್ ನ್ಯಾಯಮೂರ್ತಿಯಾದರು, 1992ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1995ರಲ್ಲಿ ನಿವೃತ್ತಿ. ಅಲ್ಲಿಗೇ ನಿಂತಿದ್ದರೆ ಅವರ ಹೆಸರು ತೀರ್ಪುಗಳ ಪುಸ್ತಕದಲ್ಲಿ ಇರುತ್ತಿತ್ತು ಅಷ್ಟೆ. ಹಳ್ಳಿಯ ಅಜ್ಜಿಯೊಬ್ಬಳಿಗೆ ಅವರ ಮುಖ ಗುರುತು ಸಿಗುವಂತಾಗಿದ್ದು ಎಪ್ಪತ್ತು ದಾಟಿದ ಮೇಲೆ, 2001ರಲ್ಲಿ ಲೋಕಾಯುಕ್ತರಾದಾಗ.

ಹಾಗಂತ ಹುದ್ದೆ ಹೊಸದೇನಲ್ಲ. ಇಂಥದ್ದೊಂದು ಬೇಕು ಅಂತ ಆಡಳಿತ ಸುಧಾರಣಾ ಆಯೋಗ 1966ರಲ್ಲೇ ಹೇಳಿತ್ತು. ಕೇಂದ್ರಕ್ಕೆ ಲೋಕಪಾಲ, ರಾಜ್ಯಗಳಿಗೆ ಲೋಕಾಯುಕ್ತ ಎಂಬುದು ಅದರ ಸಲಹೆ. ಮಹಾರಾಷ್ಟ್ರ 1971ರಲ್ಲಿ ಕಾನೂನು ಮಾಡಿತು. ನಮ್ಮಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ 1984ರಲ್ಲಿ ಕಾಯ್ದೆ ತಂದಿತು, 1986ರಲ್ಲಿ ಅದು ಜಾರಿಗೆ ಬಂತು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಡಿ. ಕೋಶಲ್ ಮೊದಲ ಲೋಕಾಯುಕ್ತರು. ಬೇರೆ ರಾಜ್ಯಗಳಿಗಿಂತ ನಮ್ಮ ಕಾಯ್ದೆಗೆ ಹೆಸರು ಬರಲು ಒಂದು ಕಾರಣ ಇದೆ. ಇಲ್ಲಿ ಲೋಕಾಯುಕ್ತರ ಕೈಕೆಳಗೆ ಒಂದು ಪೊಲೀಸ್ ವಿಭಾಗವೇ ಇದೆ. ಆ ಪೊಲೀಸರು ಭ್ರಷ್ಟಾಚಾರ ತಡೆ ಕಾಯ್ದೆಯಡಿ ತನಿಖೆ ಮಾಡಬಹುದು ಎಂದು 1998ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು.

ಆದರೂ ಮೊದಲ ಹದಿನೈದು ವರ್ಷ ಸಾಮಾನ್ಯ ಜನರಿಗೂ ಈ ಸಂಸ್ಥೆಗೂ ದೂರವೇ. ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿ ಒಂದು ಕಚೇರಿ. ಅಲ್ಲಿಗೆ ಅಫಿಡವಿಟ್ ಜೊತೆ ದೂರು ಕೊಡಬೇಕು. ವಿಚಾರಣೆ ಆಗುತ್ತದೆ, ವರದಿ ಸರ್ಕಾರಕ್ಕೆ ಹೋಗುತ್ತದೆ. ಕ್ರಮ ತೆಗೆದುಕೊಳ್ಳಬೇಕಾದ್ದು ಸರ್ಕಾರವೇ. ಕೂಲಿ ಬಿಟ್ಟು ಅಷ್ಟು ದೂರ ಯಾರು ಹೋಗ್ತಾರೆ ಹೇಳಿ?

ವೆಂಕಟಾಚಲ ಈ ದಾರಿಯನ್ನು ತಿರುಗಿಸಿಬಿಟ್ಟರು. ಜನ ಬರಲಿ ಎಂದು ಕಾಯದೆ ತಾವೇ ಹೊರಟರು. ಸರ್ಕಾರಿ ಆಸ್ಪತ್ರೆ, ಆರ್‌ಟಿಒ, ಸಬ್ ರಿಜಿಸ್ಟ್ರಾರ್ ಕಚೇರಿ, ಹೀಗೆ ಮುಂಚೆ ಹೇಳದೆ ಹೋಗಿ ನಿಲ್ಲುತ್ತಿದ್ದರು. ಹಾಜರಿ ಪುಸ್ತಕ ನೋಡುತ್ತಿದ್ದರು. ಸಾಲಿನಲ್ಲಿ ನಿಂತವರನ್ನೇ ಕೇಳುತ್ತಿದ್ದರು, ಎಷ್ಟು ದುಡ್ಡು ಕೇಳಿದರಪ್ಪಾ ಅಂತ. ಅಧಿಕಾರಿಯನ್ನು ಎಲ್ಲರೆದುರೇ ಗದರುತ್ತಿದ್ದರು. ಆಗಷ್ಟೇ ಕನ್ನಡದಲ್ಲಿ ಟಿವಿ ಸುದ್ದಿ ಬೆಳೆಯುತ್ತಿತ್ತು. ಕ್ಯಾಮೆರಾಗಳು ಅವರ ಹಿಂದೆಯೇ ಓಡಿದವು. ರಾತ್ರಿ ಊಟದ ಹೊತ್ತಿಗೆ ಊರಿಗೆ ಊರೇ ಅದನ್ನು ನೋಡಿತು. ನಮ್ಮ ಮನೆಯಲ್ಲೂ ತಟ್ಟೆ ಹಿಡಿದುಕೊಂಡೇ ಟಿವಿ ಮುಂದೆ ಕೂತಿದ್ದು ನನಗೆ ನೆನಪಿದೆ. ದೊಡ್ಡ ಸಾಹೇಬರೊಬ್ಬರು ತಲೆ ತಗ್ಗಿಸಿ ನಿಂತಿದ್ದನ್ನು ನಮ್ಮ ಮನೆಯವರು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಇದು ನ್ಯಾಯಮೂರ್ತಿಗೆ ಒಪ್ಪುವ ರೀತಿಯೇ ಎಂಬ ಪ್ರಶ್ನೆ ಆಗಲೂ ಎದ್ದಿತ್ತು. ತಪ್ಪು ಸಾಬೀತಾಗುವ ಮೊದಲೇ ಒಬ್ಬರನ್ನು ಜನರೆದುರು ನಿಲ್ಲಿಸುವುದು ಸರಿಯಲ್ಲ ಎಂಬ ಮಾತನ್ನು ಸುಮ್ನೆ ತಳ್ಳಿಹಾಕಲು ಆಗಲ್ಲ. ಆದರೂ ನನಗೆ ಅನಿಸುವುದು ಇದು: ಮಾಮೂಲು ಕೊಡುವುದೇ ಪದ್ಧತಿ ಎಂದು ನಂಬಿದ್ದವರಿಗೆ, ಅದು ಅಪರಾಧ ಎಂದು ತಿಳಿಸಿದ್ದು ಆ ಗದರಿಕೆಗಳೇ. ಕಾಯ್ದೆಯ ಪುಸ್ತಕಕ್ಕೆ ಹದಿನೈದು ವರ್ಷದಲ್ಲಿ ಆ ಕೆಲಸ ಮಾಡಲು ಆಗಿರಲಿಲ್ಲ.

ಪತ್ರಿಕೆಗಳಲ್ಲಿ ‘ಲೋಕಾಯುಕ್ತ ಬಲೆಗೆ’ ಎಂಬ ತಲೆಬರಹ ನೀವೂ ಓದಿರುತ್ತೀರಿ. ಆ ಬಲೆ ಹೆಣೆಯುವ ರೀತಿ ಸರಳ. ಲಂಚ ಕೇಳಿದ್ದಾರೆ ಎಂದು ಒಬ್ಬರು ದೂರು ಕೊಡುತ್ತಾರೆ. ಕೊಡಬೇಕಾದ ನೋಟುಗಳ ನಂಬರ್ ಬರೆದುಕೊಂಡು, ಅದಕ್ಕೆ ಫಿನಾಲ್ಫ್ಥಲೀನ್ ಎಂಬ ಬಿಳಿ ಪುಡಿ ಸವರುತ್ತಾರೆ. ಪಂಚರು ಅಂದರೆ ಸಾಕ್ಷಿಗಳು ಇದನ್ನೆಲ್ಲ ನೋಡುತ್ತಿರುತ್ತಾರೆ. ಅಧಿಕಾರಿ ನೋಟು ಮುಟ್ಟಿದ ಮೇಲೆ ಅವರ ಬೆರಳನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿಸುತ್ತಾರೆ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಾಗಂತ ಆ ಬಣ್ಣ ಒಂದೇ ಸಾಲದು. ಲಂಚ ಕೇಳಿದ್ದೂ ಸಾಬೀತಾಗಬೇಕು. ದೂರುದಾರ ಕೋರ್ಟಿನಲ್ಲಿ ಮಾತು ಬದಲಿಸಿದರೆ ಕೇಸು ಸಡಿಲವಾಗುತ್ತದೆ.

ಇನ್ನೊಂದು ಗಂಟು ಅನುಮತಿಯದ್ದು. ಸರ್ಕಾರಿ ನೌಕರರ ಮೇಲೆ ಕೋರ್ಟಿನಲ್ಲಿ ಮೊಕದ್ದಮೆ ನಡೆಸಲು, ಅವರನ್ನು ಕೆಲಸದಿಂದ ತೆಗೆಯುವ ಅಧಿಕಾರ ಇರುವವರ ಒಪ್ಪಿಗೆ ಬೇಕು. ಕಡತ ಅಲ್ಲೇ ಕೂತುಬಿಟ್ಟರೆ ದಾಳಿ ಮಾಡಿಯೂ ಏನು ಬಂತು? ಟಿವಿಯಲ್ಲಿ ಕಂಡ ಎಷ್ಟೋ ದಾಳಿಗಳ ಕೊನೆ ಏನಾಯಿತು ಎಂದು ಜನರಿಗೆ ಗೊತ್ತಾಗಲೇ ಇಲ್ಲ. ವೆಂಕಟಾಚಲರ ಕಾಲದ ಕೊರತೆಯೂ ಇದೇ. ಆದರೆ ಆ ಕೊರತೆ ಅವರದಲ್ಲ, ಅವರ ಕೈಗೆ ಕೊಟ್ಟಿದ್ದ ಕಾನೂನಿನದು.

2006ರಲ್ಲಿ ಅವರ ಐದು ವರ್ಷ ಮುಗಿಯಿತು. ಅವರ ಜಾಗಕ್ಕೆ ಬಂದವರು ಎನ್. ಸಂತೋಷ್ ಹೆಗ್ಡೆ. ಅವರೂ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿಯೇ. ಅವರ ದೃಷ್ಟಿ ಗಣಿಯ ಕಡೆ ಹೋಯಿತು. ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿದ್ದ ಅದಿರು ಮಾಯವಾದ ಪ್ರಕರಣದಲ್ಲಿ, ಪ್ರಾಮಾಣಿಕ ಅರಣ್ಯ ಅಧಿಕಾರಿಯೊಬ್ಬರನ್ನು ಸಸ್ಪೆಂಡ್ ಮಾಡಲು ಹೊರಟಾಗ ಹೆಗ್ಡೆ 2010ರ ಜೂನ್‌ನಲ್ಲಿ ರಾಜೀನಾಮೆಯನ್ನೇ ಕೊಟ್ಟರು, ಆಮೇಲೆ ವಾಪಸ್ ಪಡೆದರು. 2011ರ ಜುಲೈನಲ್ಲಿ ಕೊಟ್ಟ ವರದಿ ಅಕ್ರಮ ಗಣಿಗಾರಿಕೆಯಿಂದ ಸರ್ಕಾರಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. ಕೆಲವೇ ದಿನದಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಗುಮಾಸ್ತರ ಮೇಜಿನಿಂದ ಶುರುವಾದ ಭಯ ವಿಧಾನಸೌಧದ ಮೂರನೇ ಮಹಡಿಗೆ ಮುಟ್ಟಿತ್ತು.

ಅಲ್ಲಿಂದ ಇಳಿಜಾರು. ಲೋಕಾಯುಕ್ತ ಕಚೇರಿಯ ಹೆಸರಿನಲ್ಲೇ ಸುಲಿಗೆ ನಡೆದಿದೆ ಎಂಬ ಆರೋಪ ಬಂತು. 2015ರ ಡಿಸೆಂಬರ್‌ನಲ್ಲಿ ಆಗಿನ ಲೋಕಾಯುಕ್ತರು ಹುದ್ದೆ ಬಿಡಬೇಕಾಯಿತು. ಮರು ವರ್ಷ ಮಾರ್ಚ್‌ನಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ, ಅಂದರೆ ಎಸಿಬಿಯನ್ನು ಕಟ್ಟಿ, ಬಲೆ ಹಾಕುವ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಂದ ತೆಗೆದು ಅದಕ್ಕೆ ಕೊಟ್ಟಿತು. ಎಸಿಬಿ ಸರ್ಕಾರದ ಕೈಕೆಳಗೇ ಇತ್ತು. ಇದು ನನಗೆ ಆಗಲೂ ನೋವು ತಂದಿತ್ತು, ಈಗಲೂ ಇದೆ. ಕಾವಲುಗಾರ ಎಡವಿದ ಅಂತ ಅವನನ್ನು ಸರಿಮಾಡುವ ಬದಲು ಕೈಯ ಕೋಲನ್ನೇ ಕಿತ್ತುಕೊಂಡರು.

ವೆಂಕಟಾಚಲ 2019ರ ಅಕ್ಟೋಬರ್ 30ರಂದು ಬೆಂಗಳೂರಿನಲ್ಲಿ ತೀರಿಕೊಂಡರು. 89 ವರ್ಷವಾಗಿತ್ತು. ತಾವು ಬೆಳೆಸಿದ ಸಂಸ್ಥೆಗೆ ಕಸುವು ಮರಳಿದ್ದನ್ನು ಅವರು ನೋಡಲಿಲ್ಲ. 2022ರ ಆಗಸ್ಟ್ 11ರಂದು ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿತು. ಪ್ರಕರಣಗಳು ಮತ್ತೆ ಲೋಕಾಯುಕ್ತಕ್ಕೆ ಬಂದವು.

ಈಗ ನಿಯಮ ಇನ್ನಷ್ಟು ಬದಲಾಗಿದೆ, ಇದನ್ನು ತಿಳಿದುಕೊಂಡಿರಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಲಂಚ ಕೊಡುವವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು. ಕೊಡುವ ಮೊದಲೇ ತಿಳಿಸಿ ಬಲೆಗೆ ಸಹಕರಿಸಿದರೆ ತೊಂದರೆಯಿಲ್ಲ. ಮೊಕದ್ದಮೆಗೆ ಅನುಮತಿ ಕೊಡುವ ಬಗ್ಗೆ ಮೂರು ತಿಂಗಳಲ್ಲಿ ತೀರ್ಮಾನಿಸಬೇಕು, ಇನ್ನೊಂದು ತಿಂಗಳು ಮುಂದೂಡಬಹುದು ಎಂದೂ ಆ ತಿದ್ದುಪಡಿ ಹೇಳುತ್ತದೆ. ಲೋಕಾಯುಕ್ತ ಪೊಲೀಸ್ ಠಾಣೆಗಳು ಜಿಲ್ಲೆಗಳಲ್ಲೇ ಇವೆ. ಬೆಂಗಳೂರಿಗೆ ಬಸ್ ಹತ್ತಬೇಕಾಗಿಲ್ಲ.