‘ಪ್ಲೇ ಡೌನ್’ ಅಂದರೆ ಅಲ್ಲಗಳೆಯುವುದಲ್ಲ

ತಲೆಬರಹ: ‘ಭಿನ್ನಮತದ ವರದಿ ಅಲ್ಲಗಳೆದ ಸಚಿವ’. ಕೆಳಗೆ ಸಚಿವರ ಮಾತು: “ಮನೆ ಅಂದಮೇಲೆ ಪಾತ್ರೆ ಸದ್ದು ಇದ್ದದ್ದೇ, ಅದೇನು ದೊಡ್ಡ ವಿಷಯ?” ಅಲ್ಲಗಳೆದದ್ದು ಎಲ್ಲಿ? ಸದ್ದಾಗಿದೆ ಎಂದು ಒಪ್ಪಿಕೊಂಡೇ ಇದ್ದಾರಲ್ಲ! ಇಂಗ್ಲಿಷ್ ಸುದ್ದಿಯ ‘ಪ್ಲೇಡ್ ಡೌನ್’ ಬೆಂಗಳೂರಿನ ಸುದ್ದಿಮನೆಗಳಲ್ಲಿ ಹೀಗೆ ಕೆಡುವುದು ಇದು ಎಷ್ಟನೇ ಸಲವೋ.

‘ಅಲ್ಲಗಳೆ’ಯನ್ನು ಬಿಡಿಸಿ ನೋಡಿ: ಅಲ್ಲ + ಕಳೆ. ಆದೇಶ ಸಂಧಿಯಲ್ಲಿ ಕಕಾರ ಗಕಾರವಾಗಿದೆ. ‘ಅಲ್ಲ’ ಎಂದು ಕಳೆದುಬಿಟ್ಟ ಮೇಲೆ ವಿಷಯವೇ ಉಳಿಯುವುದಿಲ್ಲ. ಪ್ಲೇ ಡೌನ್ ಮಾಡಿದಾಗ ವಿಷಯ ಇದ್ದಲ್ಲೇ ಇರುತ್ತದೆ, ಅದರ ತೂಕವನ್ನಷ್ಟೇ ಇಳಿಸಿ ಹೇಳುತ್ತಾರೆ. ನಾಳೆ ಭಿನ್ನಮತ ಬೀದಿಗೆ ಬಂದರೆ ಅಲ್ಲಗಳೆದವರು ಸುಳ್ಳುಗಾರರು, ತೂಕ ಇಳಿಸಿದವರು “ಇಲ್ಲ ಅಂದಿದ್ದೆನಾ?” ಎಂದು ಪಾರಾಗುತ್ತಾರೆ. ಆಡದ ಸುಳ್ಳನ್ನು ಅವರ ಬಾಯಿಗೆ ತುರುಕುವುದು ತಲೆಬರಹದ ಕೆಲಸವಲ್ಲ.

ಕನ್ನಡದಲ್ಲಿ ‘ತೇಲಿಸಿ ಮಾತಾಡು’, ‘ಸಣ್ಣದು ಮಾಡಿ ಹೇಳು’ ಇವೆ. ‘ಹಗುರವಾಗಿ ಪರಿಗಣಿಸು’ ಬೇಡ. ಅದು ಮನಸ್ಸಿನೊಳಗಿನ ಲೆಕ್ಕಾಚಾರ. ಪ್ಲೇ ಡೌನ್ ಇನ್ನೊಬ್ಬರ ಕಿವಿಗಾಗಿ ಆಡುವ ಮಾತು. ಒಳಗೆ ಹೆದರಿದವರೇ ಹೊರಗೆ ಹೆಚ್ಚು ತೇಲಿಸುತ್ತಾರೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಮೊಣಕಾಲುದ್ದ ನೀರು ನಿಂತಾಗ “ಸ್ವಲ್ಪ ನೀರು ನಿಂತಿದೆ, ಅಷ್ಟೆ” ಎನ್ನುವುದು ಶುದ್ಧ ಪ್ಲೇ ಡೌನ್. ವಿಷಯ ಹೇಳಿದ್ದಕ್ಕಿಂತ ದೊಡ್ಡದಿರಬಹುದು ಎಂಬ ಅನುಮಾನವನ್ನೂ ಈ ಪದ ಜೊತೆಗೇ ತರುತ್ತದೆ. ಆ ಅನುಮಾನ ಬೇಡವಾದರೆ ‘ದೊಡ್ಡದೇನಲ್ಲ ಎಂದರು’ ಸಾಕು.

ವಿನಯಕ್ಕೆ ಮಾತ್ರ ‘ತೇಲಿಸು’ ಒಗ್ಗುವುದಿಲ್ಲ. ರ‍್ಯಾಂಕ್ ಬಂದವಳು “ಏನೋ ಬಂತು ಬಿಡಿ” ಎಂದರೆ ಅದೂ ಪ್ಲೇ ಡೌನ್. ಕನ್ನಡದಲ್ಲಿ ‘ಹೆಚ್ಚು ಹೇಳಿಕೊಳ್ಳಲಿಲ್ಲ’ ಎನ್ನಬೇಕು.

ಇನ್ನು ಆಫೀಸಿನ ಇಂಗ್ಲಿಷು. ಮೀಟಿಂಗ್‌ನಲ್ಲಿ ಅವಮಾನವಾದಾಗ ‘ಹಿ ಪ್ಲೇಡ್ ಮಿ ಡೌನ್’ ಎನ್ನುತ್ತಾರೆ. ಬೇಕಾದದ್ದು ‘ಪುಟ್ ಮಿ ಡೌನ್’. ಪ್ಲೇ ಡೌನ್ ಮಾಡುವುದು ಗಾಯ, ಅಪಾಯ, ಜಗಳ, ಪಾತ್ರ ಇಂಥವನ್ನು, ಸಾಮಾನ್ಯವಾಗಿ ಮನುಷ್ಯರನ್ನಲ್ಲ. ‘ಇಟ್’ ಬಂದರೆ ನಡುವೆ ಕೂರಬೇಕು: ‘ಪ್ಲೇ ಇಟ್ ಡೌನ್’ ಸರಿ, ‘ಪ್ಲೇ ಡೌನ್ ಇಟ್’ ತಪ್ಪು. ‘ಡೌನ್‌ಪ್ಲೇ’ ಅದೇ ಅರ್ಥದ ಒಂದೇ ಪದ, ಅದನ್ನು ಒಡೆಯುವಂತಿಲ್ಲ. ನಮ್ಮ ‘ಎಂದು’ವಿನ ಅಭ್ಯಾಸದಿಂದ ‘ಪ್ಲೇಡ್ ಡೌನ್ ದಟ್…’ ಎಂದು ಶುರುಮಾಡುವವರಿದ್ದಾರೆ. ಅಲ್ಲಿ ನಾಮಪದ ಬೇಕು: ‘ಪ್ಲೇಡ್ ಡೌನ್ ದ ರಿಪೋರ್ಟ್ಸ್ ದಟ್…’

ವಿರುದ್ಧ ಪದ ‘ಪ್ಲೇ ಅಪ್’, ಉಬ್ಬಿಸಿ ಹೇಳುವುದು. ಆದರೆ ಬ್ರಿಟಿಷರೊಬ್ಬರು ‘ಮೈ ನೀ ಈಸ್ ಪ್ಲೇಯಿಂಗ್ ಅಪ್’ ಎಂದರೆ ಉಬ್ಬಿಸುತ್ತಿಲ್ಲ. ಪಾಪ, ಅವರ ಮಂಡಿ ಕೈಕೊಟ್ಟಿದೆ.